ಕೇಳದವರಿಗೆ ಸ್ವಾಗತ

ಯಾನಿಸ್ ಬ್ರೆಡೋ ಕಚೇರಿಯ ಸಭೆಯಲ್ಲಿ ಆ ಪತ್ರವನ್ನು ಎಲ್ಲರೆದುರು ಮೂಗಿನಲ್ಲಿ ರಾಗ ಎಳೆದು ಓದಿದ. ಅವನನ್ನು ಮುಗಿಸಬೇಕು ಎಂದು ಥೇಡ ಊಕೆನಾ ತೀರ್ಮಾನಿಸಿದ್ದು ಆಗಲೇ. ಮುಗಿಸುವುದೆಂದರೆ ಕೊಲ್ಲುವುದಲ್ಲ. ಎಮ್ಡೆನ್‌ನಂಥ ಪುಟ್ಟ ಬಂದರು ಊರಿನಲ್ಲಿ ಅದಕ್ಕಿಂತ ಅಚ್ಚುಕಟ್ಟಾದ ದಾರಿಗಳಿವೆ.

"'ಮಾನ್ಯರೇ, ನಮ್ಮ ಸುದ್ದಿಪತ್ರ ಬೇಕೆಂದು ನೀವು ಕೇಳಿದ್ದಕ್ಕೆ ಧನ್ಯವಾದಗಳು. ತಿಂಗಳಿಗೆ ಒಂದೇ ಪತ್ರ ಬರುತ್ತದೆ. ಬೇಡವೆನಿಸಿದ ದಿನ ಕೆಳಗಿನ ಲಿಂಕ್ ಒತ್ತಿ, ಕಾರಣ ಹೇಳಬೇಕಾಗಿಲ್ಲ. ಕಲ್ಲುಸಕ್ಕರೆ ಮೊದಲು, ಟೀ ಆಮೇಲೆ, ಕೆನೆ ಕೊನೆಗೆ. ಕಲಕಬೇಡಿ.'" ಯಾನಿಸ್ ಕಾಗದ ಕೆಳಗಿಟ್ಟು ಕಣ್ಣೊರೆಸಿಕೊಂಡ. "ಇದೇನು ಸ್ವಾಗತ ಪತ್ರಾನಾ, ಇಲ್ಲ ನಲ್ಲಿ ನೀರು ನಿಲ್ಲಿಸ್ತೀವಿ ಅನ್ನೋ ನೋಟಿಸಾ? ಥೇಡ, ನೀನು ಇದನ್ನ ಬರೆಯೋವಾಗ ಟೀ ಕುಡಿದಿದ್ಯೋ ವಿನಿಗರ್ ಕುಡಿದಿದ್ಯೋ?"

ಎಲ್ಲರೂ ನಕ್ಕರು. ಟೀ ಕಂಪನಿಯ ಯಜಮಾನಿ ಗೆರ್ಹಿಲ್ಡ್ ಹಾರ್ಬರ್ಟ್ಸ್ ಕೂಡ ಕಪ್ಪಿನೊಳಗೆ ಮುಖವಿಟ್ಟು ಮುಗುಳ್ನಕ್ಕರು. ಥೇಡಳಿಗೆ ತಡೆಯಲಾಗದ್ದು ಅದೇ.

ಆ ಪತ್ರವನ್ನು, ಆ ಊರಿನವರು ಟೀ ಕುಡಿಯುವ ಕ್ರಮದ ಸಮೇತ, ಅವಳು ಹತ್ತೊಂಬತ್ತು ವರ್ಷಗಳ ಹಿಂದೆ ಬರೆದದ್ದು. ವೆಬ್‌ಸೈಟಿನಲ್ಲಿ ಹೆಸರು, ಮೇಲ್ ವಿಳಾಸ ಕೊಟ್ಟವರಿಗೆ ಮೊದಲು ಒಂದು ಚಿಕ್ಕ ಮೇಲ್ ಹೋಗುತ್ತಿತ್ತು: ಕೇಳಿದ್ದು ನೀವೇ ತಾನೆ? ಹೌದಾದರೆ ಇಲ್ಲಿ ಒತ್ತಿ. ಒತ್ತಿದವರಿಗೆ ಮಾತ್ರ ಸ್ವಾಗತ ಪತ್ರ. ಒತ್ತದವರನ್ನು ಹಾರ್ಬರ್ಟ್ಸ್ ಕಂಪನಿ ಮತ್ತೆಂದೂ ಮಾತಾಡಿಸುತ್ತಿರಲಿಲ್ಲ. ಈ ದೇಶದಲ್ಲಿ ಮರ್ಯಾದಸ್ಥ ಅಂಗಡಿಗಳೆಲ್ಲ ಮಾಡುವುದು ಹಾಗೆಯೇ. ಬಾಗಿಲು ತಟ್ಟಿ, ಉತ್ತರ ಬರುವವರೆಗೆ ಹೊರಗೇ ನಿಲ್ಲುವುದು.

ಕಂಪನಿಯ ಪ್ರಚಾರ ನೋಡಿಕೊಳ್ಳಲು ಹ್ಯಾಂಬರ್ಗಿನಿಂದ ಬಂದ ಯಾನಿಸ್‌ಗೆ ತಟ್ಟುವುದೇ ಗೊತ್ತಿರಲಿಲ್ಲ. ಅವಳ ಪತ್ರದ ಬದಲಿಗೆ ಈಗ ಹೋಗುತ್ತಿದ್ದ ಅವನ ಸ್ವಾಗತ ಪತ್ರ ಹೀಗೆ ಶುರುವಾಗುತ್ತಿತ್ತು: "ಹೇ ನೀನು! ಕೊನೆಗೂ ಬಂದ್ಯಾ! ನಿನಗೋಸ್ಕರ ನೀರು ಕುದೀತಾನೇ ಇತ್ತು!" ಎಪ್ಪತ್ತು ವರ್ಷದ ವಿಧವೆಯರಿಗೂ ನಿವೃತ್ತ ಪಾದ್ರಿಗಳಿಗೂ 'ನೀನು'. ವಾರದೊಳಗೆ ಐದು ಪತ್ರ. ಮೂರನೆಯದು ಬರುವುದು ಹೀಗೆ: "ನಮ್ಮನ್ನ ಮರೆತುಬಿಟ್ಯಾ? ನಮ್ಮ ಟೀಪಾಟ್ ಅಳ್ತಾ ಇದೆ." ವೆಬ್‌ಸೈಟ್ ತೆರೆದವರ ಮುಖಕ್ಕೆ ಒಂದು ಚೌಕ ರಾಚುತ್ತಿತ್ತು, ಅದರಲ್ಲಿ ಎರಡು ಬಟನ್: 'ಹೌದು, ಬೇಕು' ಮತ್ತು 'ಬೇಡ, ನನಗೆ ಕೆಟ್ಟ ಟೀನೇ ಇಷ್ಟ'. ಪಟ್ಟಿಯಿಂದ ಬಿಡಿಸಿಕೊಳ್ಳುವ ಲಿಂಕು ಪತ್ರದ ತಳದಲ್ಲಿ, ಬೂದಿ ಬಣ್ಣದ ಮೇಲೆ ಬೂದಿ ಬಣ್ಣದಲ್ಲಿ. ಆ ಪತ್ರಗಳನ್ನು ಓದಿದಾಗಲೆಲ್ಲ ಥೇಡಳಿಗೆ ಬಸ್ಸಿನಲ್ಲಿ ಯಾರೋ ಬೆವರಿನ ಕೈಯನ್ನು ಮೊಣಕಾಲ ಮೇಲೆ ಇಟ್ಟಂತೆ ಹೇಸಿಗೆಯಾಗುತ್ತಿತ್ತು. ಎದ್ದು ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದಳು.

ಆ ಸಭೆಯ ಕೊನೆಯಲ್ಲಿ ಅವನು ಇನ್ನೂ ಎರಡು ಮಾತು ಹೇಳಿದ. ಹೆಸರು ಕೊಟ್ಟ ಹತ್ತು ಜನರಲ್ಲಿ ಮೂವರು ಖಚಿತಪಡಿಸುವ ಲಿಂಕನ್ನು ಒತ್ತುವುದೇ ಇಲ್ಲ, ಆದ್ದರಿಂದ ಆ ಹೆಜ್ಜೆಯನ್ನೇ ತೆಗೆದುಬಿಡೋಣ ಎಂಬುದು ಒಂದು. ಬರುವ ವಸಂತದಿಂದ ಪತ್ರ ಬರೆಯುವ ಕೆಲಸವನ್ನು ಹೊರಗಿನವರಿಗೆ ಕೊಡೋಣ ಎಂಬುದು ಇನ್ನೊಂದು. ಪತ್ರ ಬರೆಯುವ ಕೆಲಸ ಎಂದರೆ ಥೇಡ. ಐವತ್ತೇಳು ವರ್ಷ, ಒಂಟಿ ಹೆಂಗಸು, ಬೇರೆ ಕಸುಬು ಗೊತ್ತಿಲ್ಲ. ಯಜಮಾನಿ ಎರಡನೆಯದಕ್ಕೆ "ಯೋಚಿಸೋಣ" ಎಂದರು. ಮೊದಲನೆಯದಕ್ಕೆ ಮಾತ್ರ ಮುಖ ಬಿಳಿಚಿಕೊಂಡು, "ಅದು ಮಾತ್ರ ಬೇಡಪ್ಪ, ವಕೀಲರ ಕಾಗದ ಬಂದುಬಿಟ್ರೆ?" ಎಂದರು.

ಥೇಡ ಆ ಭಯವನ್ನೇ ಹಿಡಿದುಕೊಂಡಳು.

ಯೋಜನೆ ಸರಳವಾಗಿತ್ತು. ಸುದ್ದಿಪತ್ರ ಕೇಳದ ನಲವತ್ತು ಮಂದಿಯನ್ನು, ಯಾನಿಸ್‌ನ ಕಂಪ್ಯೂಟರಿನಿಂದ, 'ಒಪ್ಪಿಗೆ ಪಡೆಯಲಾಗಿದೆ' ಎಂಬ ಚೌಕಕ್ಕೆ ಟಿಕ್ ಹಾಕಿ ಪಟ್ಟಿಗೆ ಸೇರಿಸುವುದು. ಮಿಕ್ಕದ್ದನ್ನು ಅವನ ಹಲ್ಲುಕಿಸಿಯುವ ಪತ್ರಗಳೇ ನೋಡಿಕೊಳ್ಳುತ್ತವೆ. ಯಾರೋ ಒಬ್ಬರು ಸಿಡಿದೇಳುತ್ತಾರೆ. ನನ್ನ ವಿಳಾಸ ನಿಮಗೆಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ. ಹಾಗೆ ಕೇಳಿದರೆ ಕಂಪನಿ ಉತ್ತರ ಕೊಡಲೇಬೇಕು, ಅದು ಕಾನೂನು. ದಾಖಲೆ ತೆಗೆದು ನೋಡಿದರೆ ಯಾನಿಸ್ ಬ್ರೆಡೋ ಎಂಬ ಹೆಸರು, ದಿನ, ಗಂಟೆ, ನಿಮಿಷ. ಖಚಿತಪಡಿಸುವ ಹೆಜ್ಜೆ ತೆಗೆದುಬಿಡೋಣ ಎಂದು ಅವನು ಸಭೆಯಲ್ಲಿ ಹೇಳಿದ್ದು ಎಲ್ಲರ ಕಿವಿಯಲ್ಲೂ ಇದೆ. ಅದು ಬೇಡವೇ ಬೇಡ ಎಂದು ಥೇಡ ಅದೇ ಸಂಜೆ ಯಜಮಾನಿಗೆ ಮೇಲ್ ಬರೆದು, ಯಾನಿಸ್‌ಗೂ ಒಂದು ಪ್ರತಿ ಕಳಿಸಿದಳು. ಅದೂ ಇರಲಿ, ಬೇಕಾಗುತ್ತದೆ.

ಮೇಲ್ ವಿಳಾಸಗಳನ್ನು ಮೂರು ವಾರ ಕೂತು ಆರಿಸಿದಳು. ದುಡ್ಡು ಕೊಟ್ಟು ಕೊಂಡರೆ ಗುರುತು ಉಳಿಯುತ್ತದೆ, ಕಲ್ಪಿಸಿ ಬರೆದ ವಿಳಾಸ ದೂರು ಕೊಡುವುದಿಲ್ಲ. ಚರ್ಚಿನ ಗಾಯನ ತಂಡ, ಫುಟ್‌ಬಾಲ್ ಕ್ಲಬ್ಬು, ನಾಯಿ ತರಬೇತಿಯವರು, ಹೀಗೆ ಊರಿಗೆಲ್ಲ ಕಾಣುವಂತೆ ವೆಬ್‌ಸೈಟಿನಲ್ಲಿ ಹಾಕಿದ ವಿಳಾಸಗಳನ್ನೇ ಹೆಕ್ಕಿದಳು. ಒಂದೊಂದು ಕಡೆಯಿಂದ ಮೂರು ನಾಲ್ಕು, ಹೆಚ್ಚಿಲ್ಲ. ಮೂವತ್ತೊಂಬತ್ತು ಸಿಕ್ಕವು. ಆದರೆ ಜನ ಸೋಮಾರಿಗಳು, ಗೊಣಗಿ ಅಳಿಸಿಹಾಕಿ ಸುಮ್ಮನಾದರೆ? ಖಂಡಿತ ಸುಮ್ಮನಿರದ ಒಬ್ಬ ಬೇಕಿತ್ತು. ಅಂಥವನು ಎಲ್ಲಿದ್ದಾನೆಂದು ಅವಳು ಹುಡುಕಬೇಕಾಗಿರಲಿಲ್ಲ. ಪ್ರತಿ ಶನಿವಾರ ಅವನೇ ಅವಳ ತೋಟದ ಗಿಡಬೇಲಿಯ ಪಕ್ಕ ಅಳತೆ ಟೇಪು ಹಿಡಿದು ನಿಂತಿರುತ್ತಿದ್ದ.

ಕಾಲುವೆಯಾಚೆ ಊರಿನವರು ಬಾಡಿಗೆಗೆ ಹಿಡಿದ ಪುಟ್ಟ ಪುಟ್ಟ ತೋಟಗಳಲ್ಲಿ ಒಂದು ಥೇಡಳದು. ತೋಟದ ಸಂಘಕ್ಕೆ ಐದು ವರ್ಷದಿಂದ ಅವಳೇ ಕಾರ್ಯದರ್ಶಿ. ಪಕ್ಕದ ತೋಟ ಫೊಕ್ಕೊ ಈಲರ್ಟ್ಸ್‌ನದು, ನಲವತ್ತು ವರ್ಷ ಹಡಗುಗಳಿಗಾಗಿ ಬಂದರಿನ ನೀರುಬಾಗಿಲು ತೆರೆದು ಮುಚ್ಚಿ ನಿವೃತ್ತನಾದ ಮುದುಕ.

"ನಿಯಮಕ್ಕಿಂತ ಮೂರು ಸೆಂಟಿಮೀಟರ್ ಎತ್ತರ ಜಾಸ್ತಿ ಇದೆ, ಊಕೆನಾ ಅವ್ರೇ," ಎಂದ ಆ ಶನಿವಾರ.

"ಮಳೆ ಬಂತಲ್ಲ ಈಲರ್ಟ್ಸ್ ಅವ್ರೇ, ಬೆಳೆದ್ಬಿಟ್ಟಿದೆ."

"ಮಳೆ ನನ್ನ ಬೇಲಿಗೂ ಬಂತು."

ಅವನನ್ನು ಒಲಿಸಿಕೊಳ್ಳಲೆಂದು ಥೇಡ ಒಂದು ಟೊಮೆಟೊ ಸಸಿ ಕೊಟ್ಟಳು. ಫೊಕ್ಕೊ ಅದನ್ನು ತಿರುಗಿಸಿ, ಎಲೆಯ ಬೆನ್ನು ನೋಡಿ, ಜೇಬಿನಿಂದ ಮರದ ಚೀಟಿಯೊಂದನ್ನು ತೆಗೆದು ಕುಂಡಕ್ಕೆ ಚುಚ್ಚಿದ. ಚೀಟಿಯ ಮೇಲೆ ಹದಿನೇಳು ಎಂದಿತ್ತು.

"ಇದೇನು ನಂಬರು?"

"ನೀವು. ನನ್ನ ಪುಸ್ತಕದಲ್ಲಿ ನೀವು ಹದಿನೇಳು. ಸಂಘದ ಅಧ್ಯಕ್ಷರು ಹದಿನಾರು. ನಾಳೆ ರೋಗ ಬಂದ್ರೆ ಯಾರ ಕಡೆಯಿಂದ ಬಂತು ಅಂತ ಗೊತ್ತಾಗ್ಬೇಕಲ್ಲ?"

ಸಸಿ ಕೊಟ್ಟವರ ಮುಖಕ್ಕೇ ಹೇಳುತ್ತಾನಲ್ಲ. ಥೇಡಳಿಗೆ ಮೈ ಉರಿಯಿತು, ಜೊತೆಗೆ ಒಳಗೊಳಗೇ ನಗುವೂ ಬಂತು. ಈ ಪ್ರಾಣಿಗೆ 'ಹೇ ನೀನು, ನಮ್ಮ ಟೀಪಾಟ್ ಅಳ್ತಾ ಇದೆ' ಎಂಬ ಪತ್ರ ಹೋದರೆ? ಅವನು ಪತ್ರಿಕೆಗೆ ಬರೆಯುವವನು, ನಗರಸಭೆಗೆ ಬರೆಯುವವನು, ಅಂಚೆಯವನ ಸೈಕಲ್ ಬೆಲ್ಲಿನ ಬಗ್ಗೆ ಬರೆದವನು. ಅವನ ವಿಳಾಸ ಊರಲ್ಲಿ ನೂರು ಕಡೆ ಬಿದ್ದಿರುತ್ತದೆ, ಎಲ್ಲಿಂದ ಸೋರಿತೆಂದು ದೇವರಿಗೂ ಗೊತ್ತಾಗದು. ಮನೆಗೆ ಹೋದವಳೇ ಸಂಘದ ಮೇಲ್ ತೆರೆದು, ಈಲರ್ಟ್ಸ್ ಎಂಬ ಹೆಸರು ಒತ್ತಿ, ವಿಳಾಸ ನಕಲು ಮಾಡಿ ಪಟ್ಟಿಯ ಕೊನೆಗೆ ಅಂಟಿಸಿದಳು. ನಲವತ್ತಾಯಿತು. ಅಂಚೆಚೀಟಿ ಅಂಟಿಸಿದಷ್ಟು ಹೊತ್ತೂ ಹಿಡಿಯಲಿಲ್ಲ.

ಯಾನಿಸ್ ದಿನವೂ ಹನ್ನೆರಡು ಗಂಟೆಗೆ ಹೆರಿಂಗ್ ಮೀನಿನ ಬನ್ ತಿನ್ನಲು ಬಂದರಿನ ಕಟ್ಟೆಗೆ ಹೋಗುತ್ತಿದ್ದ, ಒಬ್ಬನೇ. ಅಲ್ಲಿಯ ಬನ್ ಗಾಡಿಯವಳು ಚಿಲ್ಲರೆ ನಾಣ್ಯ ಮಾತ್ರ ತೆಗೆದುಕೊಳ್ಳುತ್ತಾಳೆ, ರಸೀದಿ ಕೊಡುವುದಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ; ಅವನು ಅಲ್ಲಿದ್ದನೆಂದು ಸಾಕ್ಷಿ ಹೇಳುವವರಿಲ್ಲ. ಕಂಪ್ಯೂಟರನ್ನು ಅವನು ಮುಚ್ಚುತ್ತಿರಲಿಲ್ಲ. ಪರದೆಯ ಅಂಚಿಗೆ 'ನಂಬಿಕೆಯೇ ನಮ್ಮ ಬಂಡವಾಳ' ಎಂಬ ಸ್ಟಿಕರ್ ಬೇರೆ. ಬುಧವಾರ ಹನ್ನೆರಡೂ ಹತ್ತೊಂಬತ್ತಕ್ಕೆ ಥೇಡ ಅವನ ಕುರ್ಚಿಯಲ್ಲಿ ಕುಳಿತು, ಪೆನ್‌ಡ್ರೈವ್ ಸಿಕ್ಕಿಸಿ, ಪಟ್ಟಿ ಏರಿಸಿ, ಚೌಕಕ್ಕೆ ಟಿಕ್ ಹಾಕಿದಳು. ಕುರ್ಚಿ ಅವನ ಸೆಂಟಿನ ವಾಸನೆ ಹೊಡೆಯುತ್ತಿತ್ತು, ಉಸಿರು ಬಿಗಿಹಿಡಿದಿದ್ದಳು. ಹನ್ನೆರಡೂವರೆಗೆ ಯಜಮಾನಿಯ ಕೋಣೆಗೆ ದಿನದಂತೆಯೇ ಟೀ ಟ್ರೇ ಹೊತ್ತುಕೊಂಡು ಹೋದಳು.

ಮೂವತ್ತೊಂಬತ್ತು ಜನ ಏನೂ ಮಾಡಲಿಲ್ಲ. ಥೇಡಳಿಗೆ ಅವರ ಮೇಲೂ ಹೇಸಿಗೆಯಾಯಿತು. ಸೋಮವಾರ ಫೊಕ್ಕೊ ಈಲರ್ಟ್ಸ್‌ನ ರಿಜಿಸ್ಟರ್ಡ್ ಪತ್ರ ಬಂತು, ಬೆರಳಚ್ಚು ಯಂತ್ರದಲ್ಲಿ ಹೊಡೆದದ್ದು. ನಾನು ಏನನ್ನೂ ಕೇಳಿಲ್ಲ. ನನ್ನ ವಿಳಾಸ ಎಲ್ಲಿ ಸಿಕ್ಕಿತು, ಯಾರು ಸೇರಿಸಿದರು, ಯಾವಾಗ, ಯಾವ ಒಪ್ಪಿಗೆಯ ಮೇಲೆ? ಮತ್ತು ನಾನು ನಿಮಗೆ 'ನೀನು' ಆದದ್ದು ಯಾವಾಗ?

ಎಲ್ಲವೂ ಅವಳು ಬರೆದಿಟ್ಟಂತೆಯೇ ನಡೆಯಿತು. ಯಜಮಾನಿ ದಾಖಲೆ ತೆಗೆಸಿದರು. ಯಾನಿಸ್ ಪರದೆ ನೋಡಿದ, ಯಜಮಾನಿಯ ಮುಖ ನೋಡಿದ, ಮತ್ತೆ ಪರದೆ ನೋಡಿದ.

"ನಾನು ಮಾಡಿಲ್ಲ."

"ಹಾಗಾದ್ರೆ ನಿನ್ನ ಕುರ್ಚಿ ಮಾಡ್ತಾ?" ಎಂದರು ಯಜಮಾನಿ. "ಬೇಡ ಅಂದಿದ್ದೆ. ಎಲ್ಲರ ಎದುರಿಗೇ ಬೇಡ ಅಂದಿದ್ದೆ."

ಸಂಜೆಯೊಳಗೆ ಅವನು ರಟ್ಟಿನ ಪೆಟ್ಟಿಗೆಯಲ್ಲಿ ತನ್ನ ಕಪ್ಪು, ತನ್ನ ಶೂ, ತನ್ನ ಸ್ಟಿಕರ್‌ಗಳನ್ನು ತುಂಬಿಕೊಂಡ. ಹೊರಡುವಾಗ ಥೇಡಳ ಮೇಜಿನ ಬಳಿ ನಿಂತ. ಕಣ್ಣು ಕೆಂಪಗಿದ್ದವು.

"ನಿಮ್ಮ ಪತ್ರ ಓದಿ ನಕ್ಕಿದ್ದು ತಪ್ಪು," ಎಂದ. ಮೊದಲ ಬಾರಿಗೆ 'ನಿಮ್ಮ' ಎಂದಿದ್ದ. "ನೀವೊಬ್ರೇ ಮುಖಕ್ಕೆ ಹೊಡೆದ ಹಾಗೆ ಬೇಡ ಅಂದವರು. ಮಿಕ್ಕವರೆಲ್ಲ ನಗ್ತಾನೇ ಇದ್ರು."

"ಹೋಗಿ ಬನ್ನಿ, ಬ್ರೆಡೋ ಅವ್ರೇ," ಎಂದಳು ಥೇಡ. ಅಳುವ ಗಂಡಸು, ಅಳುವ ಟೀಪಾಟ್, ಎರಡೂ ಅವಳಿಗೆ ಒಂದೇ. ಅವನು ಬಾಗಿಲು ದಾಟಿದ ಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡಳು. ಮರುದಿನ ಅವಳ ಹಳೆಯ ಪತ್ರ, 'ಕಲಕಬೇಡಿ' ಸಮೇತ, ಸ್ವಸ್ಥಾನಕ್ಕೆ ಬಂತು. ಕೆಲಸ ಹೊರಗೆ ಕೊಡುವ ಮಾತು ಯಾರೂ ಎತ್ತಲಿಲ್ಲ.

ಗುರುವಾರ ಯಜಮಾನಿ ಫೊಕ್ಕೊನನ್ನು ಟೀಗೆ ಕರೆದರು. ವಕೀಲರ ತನಕ ಹೋಗದೆ ಮಾತಿನಲ್ಲೇ ಮುಗಿಯಲಿ ಎಂಬುದು ಅವರ ಆಸೆ. "ನೀನೂ ಕೂತ್ಕೋ ಥೇಡ, ನಾವು ಹಿಂದೆ ಎಷ್ಟು ಕಟ್ಟುನಿಟ್ಟಾಗಿದ್ವಿ ಅಂತ ನೀನೇ ಹೇಳ್ಬೇಕು," ಎಂದರು. ಥೇಡ ಖುಷಿಯಿಂದಲೇ ಕೂತಳು. ಫೊಕ್ಕೊ ಭಾನುವಾರದ ಕೋಟು ಹಾಕಿಕೊಂಡು ಬಂದಿದ್ದ. ಮೊದಲ ಕಪ್ಪನ್ನು ಕಲಕದೆ ಕುಡಿದು ಮುಗಿಸಿದ.

"ತಪ್ಪು ಮಾಡಿದ ಹ್ಯಾಂಬರ್ಗಿನ ಹುಡುಗನನ್ನ ಕೆಲಸದಿಂದ ಕಳಿಸಿದ್ವಿ, ಈಲರ್ಟ್ಸ್ ಅವ್ರೇ," ಎಂದರು ಯಜಮಾನಿ, ಎರಡನೆಯ ಕಪ್ಪು ಸುರಿಯುತ್ತಾ.

"ಹ್ಯಾಂಬರ್ಗಿನ ಹುಡುಗ ಅಂದ್ರಲ್ಲ. ಅವನಿಗೆ ನಮ್ಮ ಕಡೆ ತೋಟ ಇತ್ತಾ?"

"ತೋಟಾನಾ? ಅವನಿಗೆ ಬಾಲ್ಕನಿ ಕೂಡ ಇರಲಿಲ್ಲ."

"ಅದೇ ನನಗೆ ಅರ್ಥ ಆಗ್ಲಿಲ್ಲ," ಎಂದ ಫೊಕ್ಕೊ.

ಅವನು ಆ ಸ್ವಾಗತ ಪತ್ರವನ್ನು ಮುದ್ರಿಸಿಕೊಂಡು ತಂದಿದ್ದ. ಮೇಜಿನ ಮೇಲೆ ಬಿಡಿಸಿ, 'ಹೇ ನೀನು' ಎಂಬುದಕ್ಕೂ ಮೇಲಿದ್ದ 'ಯಾರಿಗೆ' ಎಂಬ ಸಾಲಿನಲ್ಲಿ, ತನ್ನ ವಿಳಾಸದ ಮೇಲೆ ಬೆರಳಿಟ್ಟ. ಐದು ವರ್ಷ ಸಂಘದ ಕಾಗದಗಳನ್ನು ಅದೇ ವಿಳಾಸಕ್ಕೆ ಕಳಿಸಿದ್ದರೂ ಥೇಡ ಅದನ್ನು ಒಮ್ಮೆಯೂ ಓದಿರಲಿಲ್ಲ, ಅವಳ ಪರದೆಯ ಮೇಲೆ ಯಾವಾಗಲೂ ಈಲರ್ಟ್ಸ್ ಎಂಬ ಹೆಸರಷ್ಟೇ ಕಾಣುತ್ತಿತ್ತು. ಈಗ ಓದಿದಳು. ಹೆಸರಿನ ಬಾಲಕ್ಕೆ ಒಂದು ಅಂಕಿ ಇತ್ತು. "ಮೇಲ್ ಬಂದು ಬೀಳೋ ಪೆಟ್ಟಿಗೆ ಒಂದೇ, ವಿಳಾಸ ಮಾತ್ರ ಒಬ್ಬೊಬ್ರಿಗೆ ಒಂದೊಂದು ಕೊಡ್ತೀನಿ," ಎಂದು ಫೊಕ್ಕೊ ಯಜಮಾನಿಗೆ ವಿವರಿಸಿದ, "ಬ್ಯಾಂಕಿಗೆ ಬೇರೆ, ಪತ್ರಿಕೆಗೆ ಬೇರೆ, ಡಾಕ್ಟರಿಗೆ ಬೇರೆ. ಗಿಡಕ್ಕೆ ಹೇಗೋ ಇದಕ್ಕೂ ಹಾಗೇನೇ." ಕೋಟಿನ ಜೇಬಿನಿಂದ ಮಣ್ಣು ಮೆತ್ತಿದ ಪುಸ್ತಕ ತೆಗೆದು, ಪುಟ ತಿರುವಿ, ಅವರ ಮುಂದೆ ಸರಿಸಿದ. ಗೆರ್ಹಿಲ್ಡ್ ಹಾರ್ಬರ್ಟ್ಸ್ ಕನ್ನಡಕ ಹಾಕಿಕೊಂಡು, ಕೆನೆಯ ಚಮಚ ಇನ್ನೂ ಕೈಯಲ್ಲೇ ಇರುವಾಗ, ಗಟ್ಟಿಯಾಗಿ ಓದಿದರು: "ಹದಿನೇಳು. ಥೇಡ ಊಕೆನಾ, ತೋಟದ ಸಂಘದ ಕಾರ್ಯದರ್ಶಿ. ಬೇರೆ ಯಾರಿಗೂ ಕೊಟ್ಟಿಲ್ಲ."