ಒಂದು ಮೊಳ ದೂರ

"ಇನ್ನೂ ಎಷ್ಟು ಕತ್ತರಿಸ್ಬೇಕು ಮೇಡಂ? ಒಂದೇ ಸಲ ಹೇಳ್ಬಿಡಿ!"

ರಸ್ತೆ ದಾಟಿ ಬಂದವನ ಕೈಯಲ್ಲಿ ಕತ್ತರಿಯಿತ್ತು. ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತಿದ್ದ ಅವಳು ಕ್ಯಾಮೆರಾವನ್ನು ಮಡಿಲಿಗೆ ಅವುಚಿಕೊಂಡಳು. ಹದಿನೈದು ದಿನದಿಂದ ಮಾರುದ್ದದ ಲೆನ್ಸಿನಲ್ಲಿ ಎದುರಂಗಡಿಯ ಈ ಟೈಲರನ್ನು ಕದ್ದು ಸೆರೆಹಿಡಿಯುತ್ತಿದ್ದವಳಿಗೆ, ಅವನು ಚೌಕಟ್ಟಿನಿಂದ ಇಳಿದು ಬರಲೂ ಬಲ್ಲನೆಂದು ಗೊತ್ತಿರಲಿಲ್ಲ.

"ಏನು... ಏನು ಕತ್ತರಿಸೋದು?"

"ಬೋರ್ಡು! ಫುಟ್‌ಪಾತ್ ಮೇಲೆ ಚಾಚಿದೆ ಅಂತ ತಾನೇ ಕಾರ್ಪೊರೇಷನ್ ಆಫೀಸಿನೋರು ಫೋಟೋ ತೆಗೆಯೋಕೆ ನಿಮ್ಮನ್ನ ಕಳ್ಸಿರೋದು? ಮೂರು ಸಲ ಗರಗಸ ಹಾಕಿದೀನಿ. 'ಲೇಡೀಸ್ ಅಂಡ್ ಜೆಂಟ್ಸ್ ಟೈಲರ್' ಅಂತಿತ್ತು. ಈಗ 'ಲೇಡೀಸ್ ಅಂಡ್' ಅಷ್ಟೇ ಉಳಿದಿದೆ. ಗಂಡಸ್ರು ಬರೋದೇ ಬಿಟ್ರು. ಹೆಂಗಸ್ರು ಬಂದು, ಅಂಡ್ ಏನ್ರೀ ಅಂತ ಕೇಳ್ತಾರೆ!"

'ನಿಜ ಹೇಳಿಬಿಡು' ಎಂದಿತು ಮನಸ್ಸು. ಕಾಲು ಬೇರೆಯೇ ತೀರ್ಮಾನ ಮಾಡಿ ಬಸ್ ಹತ್ತಿಬಿಟ್ಟಿತು. ಅದು ಎಲ್ಲಿಗೆ ಹೋಗುವ ಬಸ್ಸೆಂದು ಅವಳಿಗೆ ತಿಳಿದದ್ದು ಟಿಕೆಟ್ ಕೊಂಡ ಮೇಲೆ.

ಅವಳದು ಸ್ಟುಡಿಯೋ ಒಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಊರವರ ಮೊಡವೆ ಅಳಿಸುವ ಕೆಲಸ. ಸ್ಟುಡಿಯೋದ ಮಾಲೀಕರು, ಅವಳ ಪಾಲಿನ ಮೇಷ್ಟ್ರು, ತಿಂಗಳ ಕೊನೆಗೆ ಫೋಟೋ ಪ್ರದರ್ಶನ ಇಟ್ಟಿದ್ದರು. ಹನ್ನೆರಡು ಒಳ್ಳೆಯ ಚಿತ್ರ ತಂದರೆ ಅವಳಿಗೆ ಫೋಟೋ ತೆಗೆಯುವ ಕೆಲಸ. ತರದಿದ್ದರೆ ಆಯುಷ್ಯಪೂರ್ತಿ ಮೊಡವೆ.

ಟೈಲರನ ಚಿತ್ರಗಳನ್ನು ನೋಡಿ ಮೇಷ್ಟ್ರು ಕನ್ನಡಕ ತೆಗೆದರು.

"ಏನಮ್ಮಾ ಇದು? ಕಳ್ಳನ್ನ ಹಿಡಿಯೋಕೆ ತೆಗೆದಿದ್ದೋ, ಕಳ್ಳರೇ ತೆಗೆದಿದ್ದೋ?"

"ಹತ್ತಿರ ಹೋದ್ರೆ ಮುಜುಗರ ಆಗತ್ತೆ ಸಾರ್..."

"ಆಗ್ಲಿ! ಹೊಸ ಚಪ್ಪಲಿ ಕಚ್ಚತ್ತೆ ಅಂತ ಬರಿಗಾಲಲ್ಲಿ ಓಡಾಡ್ತೀಯಾ?"

ಉದ್ದದ ಲೆನ್ಸು ಬೀರು ಸೇರಿತು. ಬಿಸ್ಕತ್ತಿನಷ್ಟು ಗಿಡ್ಡ ಲೆನ್ಸೊಂದು ಅವಳ ಕೈ ಸೇರಿತು.

"ಒಂದು ಮೊಳ ದೂರ. ದಿನಕ್ಕೆ ಹನ್ನೆರಡೇ ಕ್ಲಿಕ್. ಬಂದ್ರೂ ಸರಿ, ಕೆಟ್ರೂ ಸರಿ, ದಿನಾ ಹೋಗು."

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದರೆ ಬೋರ್ಡೇ ಇಲ್ಲ! ಒಳಗೆ ಗೋಡೆಗೆ ಒರಗಿ ನಿಂತಿತ್ತು.

"ಪೂರ್ತಿ ಇಳಿಸ್ಬಿಟ್ಟೆ ಮೇಡಂ. ಕೂತ್ಕೊಳ್ಳಿ. ನಿಮಗೊಂದು ಡ್ರೆಸ್ ಹೊಲಿದುಕೊಡ್ಲಾ? ಸುಮ್ನೆ, ಪ್ರೀತಿಗೆ..."

ಲಂಚ! ಅವಳ ಮುಖ ಕೆಂಪಾಯಿತು.

"ನಾನು ಯಾವ ಆಫೀಸಿನವಳೂ ಅಲ್ಲ. ಬೋರ್ಡು ನಾನು ನೋಡೇ ಇಲ್ಲ. ನಾನು ತೆಗೀತಿದ್ದಿದ್ದು... ನಿಮ್ಮ ಕೈ."

ಹೊಲಿಗೆ ಮೆಷಿನ್ ನಿಂತಿತು.

"ನನ್ನ ಕೈ?"

"ಬಟ್ಟೆ ತಿರುಗಿಸೋವಾಗ... ಮಲಗಿರೋ ಮಗೂನ ಎಬ್ಬಿಸ್ದೆ ಮಗ್ಗುಲು ಬದಲಾಯಿಸೋ ಹಾಗೆ ತಿರುಗಿಸ್ತೀರಿ."

ಅವನು ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ ಬೋರ್ಡು ನೋಡಿದ. ಸಿಟ್ಟು ನೆತ್ತಿಗೇರಿತು.

"ಇದನ್ನ ನಿನ್ನೆನೇ ಹೇಳೋಕೆ ಏನಾಗಿತ್ರೀ? ನಮ್ಮಪ್ಪ ಕೈಯಾರೆ ಬರೆದಿದ್ದ ಬೋರ್ಡು ಅದು! ತೆಗೀಬೇಕಾ? ತೆಗೀರಿ. ನನ್ನನ್ನ ಮಾತ್ರ ಮಾತಾಡ್ಸ್ಬೇಡಿ."

ಓಡಿಹೋಗಲು ಬಸ್ಸಿತ್ತು. ಅವಳು ಸ್ಟೂಲ್ ಎಳೆದುಕೊಂಡಳು.

ಮೊದಲ ದಿನದ ಹನ್ನೆರಡರಲ್ಲಿ ಹನ್ನೊಂದು ಅಲುಗಿದ್ದವು. ಅಲುಗದೆ ಬಂದ ಒಂದೇ ಒಂದರಲ್ಲಿ ಅವಳ ಹೆಬ್ಬೆರಳಿತ್ತು. ಒಂದು ಮೊಳ ದೂರದಲ್ಲಿ ಮೆಷಿನ್ ಎಣ್ಣೆಯ ವಾಸನೆ, ಅವನ ಮೌನ, ಅವನ ಉಸಿರು. ಮುಜುಗರ ಹೋಗುವ ಲಕ್ಷಣ ಕಾಣಲಿಲ್ಲ. ಸರಿ, ಅದನ್ನೂ ಪಕ್ಕದಲ್ಲೇ ಕೂರಿಸಿಕೊಂಡಳು.

ಎಂಟನೇ ದಿನ ಒಂದು ಸಂಗತಿ ನಡೆಯಿತು. ಟಕಟಕಟಕ... ಮೆಷಿನ್ ನಿಂತು, ಬಟ್ಟೆ ತಿರುಗುವ ಆ ಒಂದು ಕ್ಷಣ. ಅವಳ ಬೆರಳು ತಾನಾಗಿಯೇ ಒತ್ತಿತು. ಕ್ಲಿಕ್. ಮತ್ತೆ ಟಕಟಕಟಕ... ಕ್ಲಿಕ್. ಹೀಗೆ ಹನ್ನೆರಡು.

ಹದಿಮೂರನೇ ಸಲ ಬಟ್ಟೆ ತಿರುಗಿಸಿದವನು, ಕ್ಲಿಕ್ ಕೇಳದೆ ತಲೆ ಎತ್ತಿದ.

"ಯಾಕೆ ನಿಲ್ಸಿದ್ರಿ?"

"ದಿನಕ್ಕೆ ಹನ್ನೆರಡೇ."

"ಓ..."

ಅವನು ತಲೆ ತಗ್ಗಿಸಿದ. ಆದರೆ ಮುಂದಿನ ಹೊಲಿಗೆ ಪೂರ್ತಿ ಸೊಟ್ಟಗಾಗಿ, ಬಿಚ್ಚಬೇಕಾಯಿತು.

ಪ್ರದರ್ಶನದ ದಿನ ಮೇಷ್ಟ್ರು ಗೋಡೆಯುದ್ದಕ್ಕೂ ನಡೆದು, "ಮೊಡವೆಗೆ ಬೇರೆ ಯಾರನ್ನಾದ್ರೂ ಹುಡುಕ್ಬೇಕು" ಎಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಸಂಜೆ ಟೈಲರ್ ಬಂದ. ಇಸ್ತ್ರಿಯ ಶರ್ಟು, ಕೊರಳಲ್ಲಿ ತೆಗೆಯಲು ಮರೆತ ಟೇಪು. ಬಾಗಿಲಲ್ಲೇ ನಿಂತ.

"ಅಲ್ಲಿಂದ್ಲೇ ನೋಡ್ತೀರಾ?"

"ಹತ್ತಿರ ಬಂದ್ರೆ ಒಂಥರಾ ಆಗತ್ತೆ."

"ಆಗ್ಲಿ, ಬನ್ನಿ."

ಕೊನೆಯ ಚಿತ್ರದ ಮುಂದೆ ಅವನು ಬಹಳ ಹೊತ್ತು ನಿಂತ. ಕತ್ತರಿಸಿದ ಬೋರ್ಡಿನ ಮೇಲೆ, ಅಪ್ಪನ ಅಕ್ಷರಗಳ ಮೇಲೆ, ಅವನದೇ ಅಂಗೈ.

"ಕೋಪ ಇನ್ನೂ ಇದೆಯಾ?" ಅವಳು ಕೇಳಿದಳು.

"ಎಂಟನೇ ದಿನವೇ ಹೋಯ್ತು. ಹೇಳಿದ್ರೆ ನೀವು ಕೆಲಸ ಮುಗೀತು ಅಂತ ಬರೋದು ನಿಲ್ಲಿಸ್ತೀರೇನೋ ಅಂತ..."

ಅವನು ಟೇಪಿನ ಒಂದು ತುದಿ ಹಿಡಿದು ಇನ್ನೊಂದನ್ನು ಅವಳ ಕೈಗಿತ್ತ.

"ಎಷ್ಟು ದೂರದಿಂದ ತೆಗೆದ್ರಿ ಇದನ್ನ?"

"ಒಂದು ಮೊಳ."

"ಈಗ ಎರಡಿದೆ."

ಅವಳು ಹೆಜ್ಜೆ ಮುಂದಿಟ್ಟಳು. "ಈಗ?"

"ಇನ್ನೂ ಸ್ವಲ್ಪ..."

"ಇನ್ನೂ ಹತ್ತಿರ ಬಂದ್ರೆ ಫೋಕಸ್ ಆಗಲ್ಲ."

"ಫೋಟೋ ತೆಗೀರಿ ಅಂತ ನಾನೆಲ್ಲಿ ಹೇಳ್ದೆ?"

ಅವಳು ಕೊರಳಲ್ಲಿದ್ದ ಕ್ಯಾಮೆರಾದ ಲೆನ್ಸಿಗೆ ಮುಚ್ಚಳ ಹಾಕಿದಳು.

"ಮುಜುಗರ ಆಗ್ತಿದೆ ಕಣ್ರೀ..."

"ನಂಗೂ. ಇರ್ಲಿ ಬಿಡಿ."