ಕಾರಿನಲ್ಲಿ ಮಾತ್ರ ಕೇಳಿದ ಹಾಡು

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಒಬ್ಬ ಹೆಂಗಸು ಠಾಣೆಗೆ ಬಂದು, ಗಂಡ ರಾತ್ರಿಯಿಂದ ಮನೆಗೆ ಬಂದಿಲ್ಲವೆಂದು ದೂರು ಕೊಟ್ಟರು. ಗಂಡ ಒಂದು ಖಾಸಗಿ ರೇಡಿಯೋ ಕೇಂದ್ರದ ಮುಖ್ಯಸ್ಥ. ಯಾವ ಹಾಡು ಪ್ರಸಾರವಾಗಬೇಕು, ಯಾವುದು ಆಗಬಾರದು ಎಂಬುದು ಅವನ ಕೈಯಲ್ಲಿತ್ತು. ನಿವೃತ್ತಿಗೆ ಹತ್ತಿರವಾಗಿದ್ದ ದಫೇದಾರರು ದೂರು ಬರೆದುಕೊಳ್ಳುತ್ತಿದ್ದರು.

"ಮೈಮೇಲೆ ಏನಿತ್ತು ತಾಯಿ?"

"ನೀಲಿ ಶರ್ಟು. ಇಸ್ತ್ರಿ ಸರಿಯಾಗಿಲ್ಲ ಅಂತ ಬೈದು ಹೋಗಿದ್ರು."

ಅಷ್ಟರಲ್ಲಿ ಇನ್ಸ್‌ಪೆಕ್ಟರರ ಮೇಜಿನ ಮೇಲಿನ ಫೋನು ರಿಂಗಾಯಿತು. ಅವರು ಕೇಳಿಸಿಕೊಂಡು ಕೆಳಗಿಟ್ಟರು. ಅವರ ಮುಖ ನೋಡಿ ದಫೇದಾರರು ಪೆನ್ನು ಮುಚ್ಚಿದರು. ಆಕೆ ಇಬ್ಬರನ್ನೂ ನೋಡಿದರು.

"ನೀಲಿ ಅಂತ ಬರ್ಕೊಂಡ್ರಾ?"

"ಬರ್ಕೊಂಡೆ ತಾಯಿ," ಎಂದು ದಫೇದಾರರು ನೀರಿನ ಲೋಟವನ್ನು ಆಕೆಯ ಮುಂದೆ ಸರಿಸಿದರು.

ಮುಖ್ಯಸ್ಥನ ಕಾರು ಹಳೆಯ ಗೋದಾಮೊಂದರ ಹಿಂದೆ ನಿಂತಿತ್ತು. ಶವ ಹಿಂದಿನ ಸೀಟಿನಲ್ಲಿತ್ತು; ತಲೆಗೆ ಭಾರವಾದ ವಸ್ತುವಿನಿಂದ ಹೊಡೆದ ಗಾಯ. ಎಫ್‌ಐಆರ್ ದಾಖಲಾಯಿತು. ಒಂಬತ್ತೂವರೆಗೆ ಪಂಚರ ಎದುರು ಪಂಚನಾಮೆ ಆರಂಭವಾಯಿತು. ಡಿಕ್ಕಿಯಲ್ಲಿ ಜಾಕ್ ಇತ್ತು, ಚಕ್ರ ಬಿಚ್ಚುವ ಸ್ಪ್ಯಾನರ್ ಇರಲಿಲ್ಲ.

ಮುಖ್ಯಸ್ಥನ ಡ್ರೈವರನ್ನು ಅಲ್ಲಿಗೇ ಕರೆಸಿದ್ದರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ.

"ನಿನ್ನೆ ಸಾಹೇಬ್ರನ್ನ ಎಲ್ಲಿ ಬಿಟ್ಟೆ?" ಎಂದರು ಇನ್ಸ್‌ಪೆಕ್ಟರ್.

"ಆಫೀಸಲ್ಲೇ ಸಾರ್. ನಾನೇ ಓಡಿಸ್ಕೊಂಡು ಹೋಗ್ತೀನಿ, ನೀನು ಹೊರಡು ಅಂದ್ರು. ಕೀ ಕೊಟ್ಟು ಬಸ್ ಹತ್ತಿದೆ."

"ಹಿಂದಿನ ಸೀಟಲ್ಲಿ ಕೂತು ಓಡಿಸಿದ್ರಾ?"

"ಆಮೇಲೆ ಯಾರು ಜೊತೆಗಿದ್ರೋ, ನಂಗೇನು ಗೊತ್ತು ಸಾರ್."

ಕಾರು ಓಡಿದ ಕಿಲೋಮೀಟರು ಬರೆದುಕೊಳ್ಳಬೇಕಾಗಿತ್ತು. ಒಬ್ಬ ಕಾನ್ಸ್‌ಟೇಬಲ್ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ. ಇನ್ನೊಬ್ಬ ಕೈಗವಸು ಹಾಕಿ, ಕಾರಿನಲ್ಲೇ ಉಳಿದಿದ್ದ ಕೀ ತಿರುಗಿಸಿದ. ಒಡನೆ ಕಾರಿನೊಳಗಿಂದ ಒಂದು ಹಾಡು, ಅದೂ ನಡುಸಾಲಿನಿಂದ, ಕೇಳಿಸಿತು. ಹೆಣ್ಣುದನಿ, ಜೊತೆಗೆ ಒಂದು ತಂತಿವಾದ್ಯ ಬಿಟ್ಟರೆ ಬೇರೇನಿಲ್ಲ. ಪಂಚರೂ ತಲೆಯೆತ್ತಿದರು. ಡ್ರೈವರ್ ಮಾತ್ರ ಗೋದಾಮಿನ ಗೋಡೆಯತ್ತ ತಿರುಗಿ ನಿಂತ.

"ರೇಡಿಯೋನಾ?" ಎಂದರು ಇನ್ಸ್‌ಪೆಕ್ಟರ್.

"ಅಲ್ಲ ಸಾರ್, ಪೆನ್‌ಡ್ರೈವು. ನಿಲ್ಸಿದ ಕಡೆಯಿಂದ ಶುರುವಾಗಿದೆ," ಎಂದ ಕೀ ತಿರುಗಿಸಿದವನು.

"ಯಾರ ಹಾಡಪ್ಪ ಇದು?"

"ಗೊತ್ತಿಲ್ಲ ಸಾರ್," ಎಂದ ಡ್ರೈವರ್, ತಿರುಗದೆ. "ನಾನು ಇದನ್ನ ಕೇಳೇ ಇಲ್ಲ."

ಮಧ್ಯಾಹ್ನ ಇನ್ಸ್‌ಪೆಕ್ಟರ್ ರೇಡಿಯೋ ಕೇಂದ್ರಕ್ಕೆ ಹೋದರು. ಗೋಡೆಗೆಲ್ಲ ಸ್ಪಂಜು ಹೊದಿಸಿದ ಕೋಣೆಯಲ್ಲಿ ನಿರೂಪಕಿಯೊಬ್ಬಳು ಸಿಕ್ಕಳು. ಕಾನ್ಸ್‌ಟೇಬಲನ ಮೊಬೈಲಿನಲ್ಲಿದ್ದ ಆ ತುಣುಕನ್ನು ಕೇಳಿದಳು.

"ನಮ್ಮಲ್ಲಿ ಯಾವತ್ತೂ ಬಂದಿಲ್ಲ ಸಾರ್."

"ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ. ದುಡ್ಡು ಬಂದಿರಲ್ಲ, ಅಷ್ಟೇ. ಕೊಟ್ಟೋರ ಹಾಡು ಗಂಟೆಗೊಂದು ಸಲ ಬರುತ್ತೆ. 'ನಿಮ್ಮೆಲ್ಲರ ಮೆಚ್ಚಿನ ಹಾಡು' ಅಂತ ನಾನೇ ಹೇಳ್ತೀನಿ. ಯಾರು ಮೆಚ್ಚಿದ್ದು ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ."

"ನೀವು ಕಾರಲ್ಲಿ ಏನು ಕೇಳ್ತೀರಿ?"

"ಏನು ಬೇಕಾದ್ರೂ. ರೇಡಿಯೋ ಒಂದು ಬಿಟ್ಟು."

ಅವಳು ನಕ್ಕಳು. ಸತ್ತವನ ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಬುಧವಾರ ಶವಸಂಸ್ಕಾರ ಮುಗಿದ ಮೇಲೆ ಹೆಂಡತಿಯ ಹೇಳಿಕೆ ಪಡೆದರು. ಅದೇ ತುಣುಕು ಕೇಳಿಸಿದಾಗ ಆಕೆ ಕಣ್ಣು ಮುಚ್ಚಿಕೊಂಡರು.

"ಕಾರಲ್ಲಿ ಅವರು ತಮ್ಮ ರೇಡಿಯೋ ಹಾಕೋಕೆ ಬಿಡ್ತಿರಲಿಲ್ಲ. ಕಾರಿಗೂ ಆ ಕಸ ತರಲಾ ಅನ್ನೋರು. ಈ ಹುಡುಗಿ ಹಾಡು ಮಾತ್ರ ದಿನಾ ಬೇಕು. ಯಾರೋ ಅಂಚೆಯಲ್ಲಿ ಕಳಿಸಿದ್ದಂತೆ. ಹತ್ತಿ ಕೂರೋ ಹೊತ್ತಿಗೇ ಡ್ರೈವರ್‌ಗೆ, ಆ ಹುಡುಗಿದು ಹಾಕಪ್ಪಾ ಅನ್ನೋರು."

ಹೊರಗೆ ಬಂದು ಜೀಪು ಹತ್ತುವಾಗ ದಫೇದಾರರು ಹೇಳಿದರು: "ದಿನಾ ತನ್ನ ಕೈಯಾರೆ ಹಾಕಿದ ಹಾಡನ್ನೇ ಕೇಳಿಲ್ಲ ಅಂದ್ನಲ್ಲ ಸಾರ್. ಕೊಲೆ ಮುಚ್ಚಿಡೋದು ಸರಿ. ಹಾಡು ಯಾಕೆ ಮುಚ್ಚಿಟ್ಟ?"

"ಅವನ ಮನೆಗೆ ನಡೀರಿ," ಎಂದರು ಇನ್ಸ್‌ಪೆಕ್ಟರ್.

ಓಣಿಯ ಕೊನೆಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಸಣ್ಣ ರೇಡಿಯೋ. ರೇಡಿಯೋ ಮಾತಾಡುತ್ತಿತ್ತು. ಯಂತ್ರದ ಮುಂದೆ ಕುಳಿತಿದ್ದ ಮಗಳು ದಾರ ಕಚ್ಚಿ ತುಂಡರಿಸಿ ಎದ್ದಳು.

"ಅಪ್ಪ ಔಷಧಿ ಅಂಗಡಿಗೆ ಹೋಗಿದ್ದಾರೆ ಸಾರ್. ಎರಡು ದಿನದಿಂದ ಜ್ವರ. ಸಾಹೇಬ್ರನ್ನ ನೆನೆಸ್ಕೊಂಡು ಊಟಾನೇ ಮಾಡ್ತಿಲ್ಲ. ಕೂತ್ಕೊಳ್ಳಿ."

"ಇಡೀ ದಿನ ರೇಡಿಯೋ ಹಾಕಿರ್ತೀಯೇನಮ್ಮ?" ಎಂದರು ದಫೇದಾರರು.

"ಹೂಂ ತಾತ. ಆರಿಸಿದಾಗಲೇ ಬಂದ್ಬಿಟ್ರೆ?"

ಏನು ಬಂದುಬಿಟ್ಟರೆ ಎಂದು ಅವರು ಕೇಳಲಿಲ್ಲ. ಇನ್ಸ್‌ಪೆಕ್ಟರ್ ಸನ್ನೆ ಮಾಡಿದರು. ಕಾನ್ಸ್‌ಟೇಬಲ್ ಮೊಬೈಲು ತೆಗೆದು ತುಣುಕು ಹಾಕಿದ. ಮಗಳ ಮುಖ ದೀಪ ಹಚ್ಚಿದಂತಾಯಿತು.

"ನಂದು! ಬಂತಾ? ರೇಡಿಯೋದಲ್ಲಿ ಬಂತಾ ಸಾರ್? ಯಾವಾಗ ಬಂತು?"

ಕಾನ್ಸ್‌ಟೇಬಲ್ ತುಣುಕನ್ನು ನಿಲ್ಲಿಸಿದ.

ಬಾಗಿಲಲ್ಲಿ ಡ್ರೈವರ್ ಔಷಧಿಯ ಪೊಟ್ಟಣ ಹಿಡಿದು ನಿಂತಿದ್ದ. ಮೊಬೈಲನ್ನು ನೋಡಿದ, ಮಗಳನ್ನು ನೋಡಿದ. "ಒಳಗೆ ಹೋಗು ಮಗಾ," ಎಂದ. ಅವಳು ಹೋಗಲಿಲ್ಲ. ಪೊಟ್ಟಣವನ್ನು ಯಂತ್ರದ ಮೇಲಿಟ್ಟು ಅವನೇ ಹೊರಗೆ ನಡೆದು ಜೀಪಿನ ಬಳಿ ನಿಂತ. ಸಂಜೆ ಐದಕ್ಕೆ ದಸ್ತಗಿರಿಯಾಯಿತು. ಗೋದಾಮಿನ ಹಿಂದಿನ ಚರಂಡಿಯಲ್ಲಿದ್ದ ಸ್ಪ್ಯಾನರನ್ನು ಅವನೇ ತೋರಿಸಿದ. ಪಂಚರ ಸಮಕ್ಷಮ ಅದನ್ನು ಜಪ್ತಿ ಮಾಡಿದರು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕೇಳಿದರು: "ನಿನ್ನ ಮಗಳದು ಅಂತ ಅವರಿಗೆ ಗೊತ್ತಿರಲಿಲ್ವಾ?"

"ಹೇಳಬೇಡ ಅಂತ ಅವಳೇ ಆಣೆ ಹಾಕಿಸ್ಕೊಂಡಿದ್ಲು. ಡ್ರೈವರ್ ಮಗಳು ಅಂತ ಕನಿಕರಕ್ಕೆ ಹಾಕೋದು ಬೇಡ, ಹಾಡು ಚೆನ್ನಾಗಿದ್ರೆ ಹಾಕ್ಲಿ ಅಂತ. ಸಾಹೇಬ್ರು ದಿನಾ ಕೇಳೋರು, ಒಂದೊಂದು ದಿನ ಕಣ್ಣೊರೆಸ್ಕೊಳ್ಳೋರು. ಕನ್ನಡಿಯಲ್ಲಿ ನೋಡಿ ಮನೆಗೆ ಹೋಗಿ, ಇವತ್ತಲ್ಲ ನಾಳೆ ಬರುತ್ತೆ ಮಗಾ ಅಂತಿದ್ದೆ. ಎರಡು ವರ್ಷ ಹಿಂಗೇ ಅಂದೆ."

"ಸೋಮವಾರ ಏನಾಯ್ತು?"

"ನಾನೇ ಬಾಯಿಬಿಟ್ಟೆ. ಈ ಹಾಡು ನಮ್ಮ ರೇಡಿಯೋದಲ್ಲಿ ಯಾಕೆ ಬರಲ್ಲ ಸಾರ್ ಅಂದೆ. ಇದು ನನ್ನ ಕಾರಿಗೆ, ರೇಡಿಯೋಗೆ ದುಡ್ಡು ಕೊಟ್ಟೋರದು ಅಂದ್ರು. ಅವಳು ನನ್ನ ಮಗಳು ಸಾರ್ ಅಂದೆ." ಅವನು ಅಂಗೈಯಿಂದ ಬಾಯಿ ಒರೆಸಿಕೊಂಡ. "ನಕ್ಕರು. ಮೊದಲೇ ಹೇಳೋದಲ್ವೇನೋ, ನಿನಗಾದ್ರೆ ರೇಟು ಕಮ್ಮಿ ಮಾಡ್ತಿದ್ದೆ ಅಂದ್ರು."

ದಫೇದಾರರು ಬರೆಯುವುದನ್ನು ನಿಲ್ಲಿಸಿದರು.

"ಟೈರು ನೋಡ್ಬೇಕು ಅಂತ ಕಾರು ನಿಲ್ಸಿದೆ. ಮೊದಲು ಎಂಜಿನ್ ಆರಿಸಿದೆ. ಅವಳ ದನಿ ಕೇಳ್ತಾ ಆ ಕೆಲಸ ಮಾಡೋಕೆ ಆಗ್ತಿರಲಿಲ್ಲ. ಹಾಡು ಚೆನ್ನಾಗಿಲ್ಲ ಅಂದಿದ್ರೆ ಬಾಯಿ ಮುಚ್ಕೊಂಡು ಗಾಡಿ ಓಡಿಸ್ತಿದ್ದೆ ಸಾರ್."

ಗುರುವಾರ ಅವನನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲು ಸಿದ್ಧತೆ ನಡೆದಿತ್ತು. ಪೆನ್‌ಡ್ರೈವನ್ನು ಬಟ್ಟೆಯ ಚೀಲದಲ್ಲಿಟ್ಟು ಅರಗಿನ ಮೊಹರು ಹಾಕಿದರು. ಠಾಣೆಯ ಎದುರಿನ ಚಹಾದಂಗಡಿಯ ರೇಡಿಯೋದಲ್ಲಿ ನಿರೂಪಕಿಯ ದನಿ ಕೇಳಿಬಂತು: "ನಮ್ಮನ್ನಗಲಿದ ಮುಖ್ಯಸ್ಥರ ನೆನಪಿಗೆ, ಅವರಿಗೆ ಬಹಳ ಇಷ್ಟವಾಗಿದ್ದ ಹಾಡು." ಬಂದದ್ದು ದುಡ್ಡು ಪಡೆದು ಗಂಟೆಗೊಂದು ಸಲ ಹಾಕುವ ಹಾಡು.

"ಈ ನೆನಪಿಗೂ ಯಾರೋ ದುಡ್ಡು ಕಟ್ಟಿರ್ತಾರೆ ಸಾರ್," ಎಂದ ಕಾನ್ಸ್‌ಟೇಬಲ್.

ದಫೇದಾರರು ಎದ್ದು ಕಿಟಕಿ ಮುಚ್ಚಿದರು. ಲಾಕಪ್ಪಿನಲ್ಲಿ ಡ್ರೈವರ್ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಓಣಿಯ ಕೊನೆಯ ಮನೆಯಲ್ಲಿ ಈಗ ರೇಡಿಯೋ ಇಲ್ಲ. ಬೆಳಿಗ್ಗೆ ಅಪ್ಪನ ಬಟ್ಟೆ ತಂದುಕೊಟ್ಟಾಗ ಆ ಹುಡುಗಿ ಅದನ್ನೂ ಚೀಲದಲ್ಲಿ ತಂದು, ನಿಮ್ಮಲ್ಲೇ ಇರಲಿ ತಾತ ಎಂದು ಮೇಜಿನ ಮೇಲಿಟ್ಟು ಹೋಗಿದ್ದಳು.

ದಫೇದಾರರು ಟೋಪಿ ತೆಗೆದು ಕೈ ಮುಗಿದರು. ದೇವರೇ, ಒಳ್ಳೆಯದನ್ನು ಗುರುತಿಸುವ ಕಿವಿಯನ್ನು ಸತ್ತ ಆ ಮನುಷ್ಯನಿಗೆ ನೀನೇ ಕೊಟ್ಟಿದ್ದೆ. ಅದಕ್ಕೆ ತಕ್ಕಂತೆ ನಡೆಯುವುದು ಅವನಿಂದಾಗಲಿಲ್ಲ. ಯಾರೂ ನೋಡುತ್ತಿಲ್ಲವೆಂದುಕೊಂಡು ಅವನು ಒರೆಸಿಕೊಂಡ ಕಣ್ಣೀರನ್ನಾದರೂ ಲೆಕ್ಕಕ್ಕೆ ಹಿಡಿ. ಅವನ ಆತ್ಮಕ್ಕೆ ಶಾಂತಿ ಕೊಡು.