ಕಸ ಗುಡಿಸುವ ಬೋಲ್ಟು ಕ್ಯಾಪ್ಟನ್ ಆದಾಗ

ರಾಜ್ಯೋತ್ಸವದ ಕಾರ್ಯಕ್ರಮ ನಡೆಸಿಕೊಡುವ ಮೈಕನ್ನು ಭಾನು ಮೇಡಂ ಕೈಯಿಂದ ತೆಗೆದು ರೂಪಶ್ರೀ ಮೇಡಂ ಕೈಗೆ ಕೊಟ್ಟರು. ಭಾನು ಮಾತಾಡಿದರೆ ಮಕ್ಕಳು ನಗುತ್ತಾರೆ ಎಂದು ಹೆಡ್‌ಮಾಸ್ಟರ್ ಮರಿಮಲ್ಲಪ್ಪ ಹೇಳಿದರು.

ಮಕ್ಕಳು ನಗುವುದಕ್ಕೆ ಕಾರಣ ಒಂದು ಸೀರಿಯಲ್.

'ಏಳನೇ ಕಕ್ಷೆ'. ಎಲ್ಲೋ ಪರದೇಶದಲ್ಲಿ ತಯಾರಾಗಿ, ಕನ್ನಡಕ್ಕೆ ಡಬ್ ಆಗಿ, ಗುಂಡ್ಲುಪೇಟೆಯ ಮೊಬೈಲುಗಳಿಗೆಲ್ಲ ಬಂದಿದ್ದ ಅಂತರಿಕ್ಷ ನೌಕೆಯ ಕಥೆ. ಈರುಳ್ಳಿ ಮಂಡಿಯ ಹಮಾಲರು ಮೂಟೆಗೆ ಮೊಬೈಲ್ ಒರಗಿಸಿಕೊಂಡು ನೋಡುತ್ತಿದ್ದರು. ಕೇರಳಕ್ಕೆ ಹೊರಟ ಲಾರಿ ಡ್ರೈವರುಗಳು ಲೋಡ್ ಆಗುವ ತನಕ ನೋಡುತ್ತಿದ್ದರು. ಆ ನೌಕೆಯ ಕ್ಯಾಪ್ಟನ್, ಡಾಕ್ಟರು, ಕೊನೆಗೆ ಮೂರು ಕಣ್ಣಿನ ಅನ್ಯಗ್ರಹದವರು ಕೂಡ ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಕಸ ಗುಡಿಸುವ ಯಂತ್ರ ಬೋಲ್ಟು ಮಾತ್ರ, "ಅಯ್ಯೋ ಬುಡಣ್ಣೋ, ನಾ ಗುಡಿಸ್ತಿನಿ" ಎಂದು ಚಾಮರಾಜನಗರ ಸೀಮೆಯ ಮಾತಾಡುತ್ತಿತ್ತು.

ಅಭ್ಯಾಸದ ದಿನ ಭಾನು ಬಾಯಿ ತಪ್ಪಿ, "ಸಾಲಾಗ್ ನಿಂತ್ಕಳಿ, ಗಲಾಟೆ ಬುಡಿ" ಅಂದುಬಿಟ್ಟಳು. ಹಿಂದಿನ ಸಾಲಿನಿಂದ ಒಂದು ದನಿ ಬಂತು.

"ಬೋಲ್ಟು ಮೇಡಂ!"

ಇಡೀ ಮೈದಾನ ನಕ್ಕಿತು.

ಭಾನು ಚಂದಕವಾಡಿಯವಳು. ಮೈಸೂರಿನ ಹಾಸ್ಟೆಲಿನಲ್ಲಿ ರೂಮಿನವರು 'ಓಗು' ಎಂದು ಅಣಕಿಸಿದ ಮೇಲೆ, ಕನ್ನಡಿ ಮುಂದೆ ನಿಂತು 'ಹೋಗು, ಹಾಲು, ಹಳ್ಳಿ' ಎಂದು ಬಾಯಿಪಾಠ ಮಾಡಿಕೊಂಡವಳು. ವಿಜ್ಞಾನದ ಟೀಚರ್ ಆಗಿದ್ದೇ ನಕ್ಷತ್ರಗಳ ಹುಚ್ಚಿನಿಂದ. ಓರಗೆಯವರೆಲ್ಲ ಅತ್ತೆ ಸೊಸೆಯರ ಸೀರಿಯಲ್ ನೋಡಿ ಅಳುವಾಗ, ಇವಳು ರಾಕೆಟ್ಟು ಹಾರುವ ಸೀರಿಯಲ್‌ಗಳನ್ನು ಹುಡುಕಿ ಹುಡುಕಿ ನೋಡುತ್ತಿದ್ದಳು.

ಈಗ ಅದೇ ಸೀರಿಯಲ್ಲು ಅವಳ ಕೆನ್ನೆಗೆ ಹೊಡೆದಿತ್ತು.

'ನಕ್ಷತ್ರಕ್ಕೆ ಹೋದರೂ ನಮ್ಮ ಕೈಗೆ ಪೊರಕೆಯೇನಾ...?'

*

ಅವತ್ತು ಶನಿವಾರ. ಅಜ್ಜಿಯ ಮನೆಗೆ ಹೊರಟವಳು ಬಸ್‌ಸ್ಟ್ಯಾಂಡಿನ ಪುಟ್ಟಬಸಪ್ಪನ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಕೂತಿದ್ದಳು. ಬೆನ್ನ ಹಿಂದಿನಿಂದ ಒಂದು ದನಿ ಕೇಳಿತು.

"ಪುಟ್ಟಬಸಪ್ನೋರೇ, ಎಲ್ಡ್ ಇಡ್ಲಿ... ಚಟ್ನಿ ವಸಿ ಜಾಸ್ತಿಯಾಗೇ ಆಕ್ಬುಡಿ!"

ಭಾನುವಿನ ಕೈಯ ಲೋಟ ಅಲ್ಲೇ ನಿಂತಿತು. ಆ ದನಿ! ಮಾತಿನ ಕೊನೆಯನ್ನು ಎಳೆದು ಬಿಡುವ ಆ ರಾಗ... ಅನುಮಾನವೇ ಇಲ್ಲ!

ತಿರುಗಿ ನೋಡಿದಳು. ಇಸ್ತ್ರಿ ಕಾಣದ ನೀಲಿ ಶರ್ಟು, ಕತ್ತಿಗೆ ನೇತುಬಿದ್ದ ಹೆಡ್‌ಫೋನು, ಮೂವತ್ತರ ಆಸುಪಾಸಿನ ಗಂಡಸು.

"ನೀವು... ಬೋಲ್ಟು?"

ಅವನ ಮುಖ ಅರಳಿತು. "ಊ ಕಣ್ ಮೇಡಂ! ನಾನೇ! ನಿಂಗರಾಜು ಅಂತ, ಸಂತೆಮರಹಳ್ಳಿ. ದನಿನೂ ನಂದೇ, ಕನ್ನಡ ಡೈಲಾಗೂ ನಂದೇ!"

"ಹಾಗಾದರೆ ಪೊರಕೆ ಕೊಟ್ಟವರೂ ನೀವೇ."

"ಏನಂದ್ರಿ?"

"ನಮ್ಮ ಮಾತಿನ ಕೈಗೆ ಪೊರಕೆ ಕೊಟ್ಟವರು ನೀವೇ ತಾನೆ? ಕ್ಯಾಪ್ಟನ್‌ಗೆ ಒಂದು ಕನ್ನಡ, ಕಸದವನಿಗೆ ಒಂದು ಕನ್ನಡ! ಹೆತ್ತ ತಾಯಿಯ ಮಾತನ್ನು ನಗೆಪಾಟಲು ಮಾಡಿ ಬಂದವರಿಗೆ ಇಡ್ಲಿ ಗಂಟಲಲ್ಲಿ ಇಳಿಯುತ್ತದೆಯೇ?"

ಪುಟ್ಟಬಸಪ್ಪನ ಸಾಂಬಾರಿನ ಸೌಟು ಗಾಳಿಯಲ್ಲೇ ನಿಂತಿತು.

ನಿಂಗರಾಜುವಿನ ಮುಖದಿಂದ ನಗು ಇಳಿದುಹೋಯಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ ಕೇಳಿದ.

"ನಿಮ್ದು ಯಾವೂರು ಮೇಡಂ?"

"ಚಂದಕವಾಡಿ. ಏನೀಗ?"

"ಏನಿಲ್ಲ... ಇಷ್ಟೊತ್ತೂ ನನ್ನ ಬೈದ್ರಲ್ಲಾ, ಅದು ಯಾವೂರ್ ಮಾತು?"

ಅಷ್ಟರಲ್ಲಿ ಚಾಮರಾಜನಗರದ ಬಸ್ಸು ಹಾರನ್ ಹೊಡೆಯಿತು. ಭಾನು ಓಡಿಹೋಗಿ ಹತ್ತಿ ಕಿಟಕಿ ಪಕ್ಕ ಕೂತಳು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಅವನ ಮೇಲಿನ ಸಿಟ್ಟೋ, ತನ್ನ ಮೇಲಿನದೋ... ದಾರಿಯುದ್ದಕ್ಕೂ ತಿಳಿಯಲಿಲ್ಲ!

*

ಚಂದಕವಾಡಿಯಲ್ಲಿ ಅಜ್ಜಿ ದೊಡ್ಡಮಲ್ಲಮ್ಮ ಆಗಲೇ ಕಂಬಳಿ ಹೊದ್ದು ಇಂಟರ್‌ನೆಟ್ ಟಿವಿ ಮುಂದೆ ಕೂತಾಗಿತ್ತು. 'ಏಳನೇ ಕಕ್ಷೆ' ನೋಡುವಾಗ ಅಜ್ಜಿಗೆ ಕಂಬಳಿ ಬೇಕೇ ಬೇಕು.

"ಆಕಾಸ್ದಲ್ಲಿ ಚಳಿ ಕಣಮ್ಮಿ."

"ಈ ಸೀರಿಯಲ್ ಬೇಡ ಅಜ್ಜಿ. ನಮ್ಮನ್ನ ಆಡಿಕೊಳ್ಳೋಕೆ ಮಾಡಿರೋದು."

"ಯಾರು ಆಡ್ಕಳರು? ಆ ಆಕಾಸ್ದ ಅಡಗ್ನಲ್ಲಿ ಎಲ್ರೂ ಬರೀ ಆರ್ಡ್ರು ಆಕ್ತರ. ಉಂಡ್ಯಾ ಅಂತ ಕೇಳೋನು ನಮ್ಮೈದ ಒಬ್ನೇ!" ಅಜ್ಜಿಗೆ ಬೋಲ್ಟು 'ನಮ್ಮ ಹೈದ', ಸ್ವಂತ ಮನೆಯ ಹುಡುಗ.

"ಅದು ಯಂತ್ರ ಅಜ್ಜಿ."

"ಯಂತ್ರನೋ ಮಂತ್ರನೋ, ನಮ್ ಕಡೆ ಐದ! ಯಾವೂರಪ್ಪಾ ನಿಂದು ಅಂತ ದಿನಾ ಕೇಳ್ತಿನಿ, ಕಳ್ ನನ್ಮಗ ಬಾಯೇ ಬುಡಕಿಲ್ಲ."

ಭಾನು ಬೇಸರದಿಂದಲೇ ಪಕ್ಕದಲ್ಲಿ ಕೂತಳು. ತೆರೆಯ ಮೇಲೆ ನೌಕೆಗೆ ಬೆಂಕಿ ಬಿದ್ದಿತ್ತು. ಕ್ಯಾಪ್ಟನ್ ಆಜ್ಞೆ ಕೊಟ್ಟು ಓಡಿದ. ಡಾಕ್ಟರೂ ಓಡಿದಳು. ಗಾಯಗೊಂಡ ಅನ್ಯಗ್ರಹದ ಮಗುವಿನ ಪಕ್ಕ ಬೋಲ್ಟು ಒಂದೇ ಉಳಿಯಿತು.

"ಎದುರ್ಕಬ್ಯಾಡ ಕೂಸೇ. ನಾ ಇಲ್ಲೇ ಇವ್ನಿ. ನನ್ ಬೆನ್ ಮ್ಯಾಲ ಕೈ ಮಡಿಕ್ಕ..."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಿತು. ಭಾನು ನಗಲಿಲ್ಲ. ಅವಳಿಗೆ ಏನೋ ಅನುಮಾನ ಬಂತು. ರಿಮೋಟ್ ತೆಗೆದುಕೊಂಡು ಅದೇ ದೃಶ್ಯವನ್ನು ಹಿಂದಕ್ಕೆ ಓಡಿಸಿ, ಭಾಷೆಯನ್ನು ಇಂಗ್ಲಿಷಿಗೆ ಬದಲಾಯಿಸಿದಳು.

ಇಂಗ್ಲಿಷಿನ ಬೋಲ್ಟು ಮಗುವಿನ ಪಕ್ಕ ನಿಂತು, "ಕ್ಲೀನ್... ಡನ್... ಕ್ಲೀನ್..." ಅಂದಿತು. ಅಷ್ಟೇ!

ಇನ್ನೊಂದು ಎಪಿಸೋಡು ಹಾಕಿದಳು. ಮತ್ತೊಂದು ಹಾಕಿದಳು. ಎಲ್ಲ ಕಡೆಯೂ ಅದೇ ಕ್ಲೀನ್, ಡನ್, ಕ್ಲೀನ್. ಉಂಡ್ಯಾ ಅಂತ ಕೇಳಿದ್ದು, ಎದುರ್ಕಬ್ಯಾಡ ಅಂದಿದ್ದು, ಕೂಸೇ ಅಂತ ಕರೆದದ್ದು... ಯಾವುದೂ ಅಲ್ಲಿರಲಿಲ್ಲ!

'ಇದೆಲ್ಲ ಆ ಮನುಷ್ಯ ತಾನಾಗಿ ತುಂಬಿದ್ದಾ...?'

"ಏಯ್, ನಮ್ಮೈದುನ್ ಬಾಯಿ ಯಾಕಮ್ಮಿ ಕಟ್ಟಾಕ್ದೆ? ಮಾತಾಡ್ಸು ಮದ್ಲು!" ಅಜ್ಜಿ ಗದರಿತು.

*

ಸೋಮವಾರ ಸಂಜೆ ಪುಟ್ಟಬಸಪ್ಪನ ಹೋಟೆಲಿನಲ್ಲಿ ನಿಂಗರಾಜು ಅವಳನ್ನು ಕಂಡವನೇ ತಟ್ಟೆ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗಲು ಎದ್ದ.

"ಕೂತ್ಕೊಳ್ಳಿ. ಅವತ್ತು ಇಡ್ಲಿ ಇಳಿಯಿತಾ?"

"ಇಲ್ಲ ಮೇಡಂ. ಪುಟ್ಟಬಸಪ್ನೋರು ನಾಯಿಗಾಕುದ್ರು."

ನಗು ಬಂದರೂ ತಡೆದುಕೊಂಡು ಎದುರಿಗೆ ಕೂತಳು. "ಇಂಗ್ಲಿಷಿನ ಬೋಲ್ಟಿಗೆ ಮಾತೇ ಇಲ್ಲ. ಇದೆಲ್ಲ ಎಲ್ಲಿಂದ ತಂದ್ರಿ?"

"ನಮ್ಮವ್ವನ ಬಾಯಿಂದ." ಅವನು ಚಟ್ನಿಯಲ್ಲಿ ಬೆರಳಾಡಿಸಿದ. "ಕಳೆ ಕೀಳಕ್ ಓಗೋಳು ನಮ್ಮವ್ವ. ಯಾರ್ ಎದುರ್ಗ್ ಸಿಕ್ಕುದ್ರೂ ಉಂಡ್ರಾ ಅಂತಳ. ಮದ್ಲು ನಾನು ಅವಳ ಮಾತ್ನ ಕ್ಯಾಪ್ಟನ್‌ಗೇ ಬರ್ದಿದ್ದೆ ಮೇಡಂ. 'ಯಾರೂ ಎದುರ್ಕಬ್ಯಾಡಿ, ನಾನಿವ್ನಿ' ಅಂತ. ಸ್ಟುಡಿಯೋದಲ್ಲಿ ಎಲ್ರೂ ಒಟ್ಟೆ ಇಡ್ಕಂಡು ನಕ್ಬುಟ್ರು. ಪೂರಾ ಒಡ್ದಾಕಿ, ಕಸದೋನ್ಗೆ ಇಟ್ಕೊ, ಕಾಮಿಡಿ ಆಯ್ತದೆ ಅಂದ್ರು. ಎಂಗೋ ಒಳಿಕ್ಕೆ ಓದ್ರೆ ಸಾಕು ಅಂತ ಒಪ್ಕಂಡೆ."

"ಹಿಂಬಾಗಿಲಿಂದ."

"ಊ. ಇಂಬಾಗ್ಲಿಂದ್ಲೇ."

ಅವನು ತನ್ನ ತಪ್ಪಿಗೆ ಬಣ್ಣ ಹಚ್ಚಲಿಲ್ಲ. ಭಾನುವಿನ ಎದೆಯೊಳಗೆ ಕಟ್ಟಿದ್ದ ಗಂಟೊಂದು ಅಲ್ಲೇ ಸಡಿಲವಾಯಿತು.

"ಮುಂದಿನ ಭಾನುವಾರ ನಮ್ಮಜ್ಜಿ ಹತ್ರ ಬನ್ನಿ," ಅಂದಳು. "ನಿಮ್ಮೂರು ಯಾವುದು ಅಂತ ಕೇಳಿ ಕೇಳಿ ಸೋತಿದೆ."

ಆ ಭಾನುವಾರ ದೊಡ್ಡಮಲ್ಲಮ್ಮ ಅವನ ಕೆನ್ನೆ ಹಿಂಡಿ ನೋಡಿತು. "ಅಯ್ಯ, ಇವ ಕಬ್ಬಿಣದೋನಲ್ಲ ಕಣಮ್ಮಿ, ಮಾಂಸದೋನೇ!"

ಅಲ್ಲಿಂದ ಭಾನುವಾರಗಳಿಗೆ ಒಂದು ಕಟ್ಟಳೆಯಾಯಿತು. ಮಧ್ಯಾಹ್ನದ ಊಟ ಮುಗಿಸಿ ಮೂವರೂ ಒಟ್ಟಿಗೆ ನೋಡಬೇಕು. ಒಬ್ಬರೇ ಮುಂದಿನ ಎಪಿಸೋಡು ನೋಡುವಂತಿಲ್ಲ. ಭಾನು ತಪ್ಪು ಹುಡುಕುವಳು. "ಶೂನ್ಯದಲ್ಲಿ ಶಬ್ದ ಹೋಗಲ್ಲ! ಸ್ಫೋಟ ಕೇಳಿಸಬಾರದು!" ಅವನು, "ಕೇಳಿಸ್ದಿದ್ರೆ ನಿಮ್ಮಜ್ಜಿ ಎದುರ್ಕಳದೆಂಗೆ?" ಅನ್ನುವನು.

ಡೈಲಾಗ್ ಬರೆದವನಿಗೆ ಮುಂದಿನ ಕಥೆ ಗೊತ್ತು. ಸಾಯಬೇಕಾದ ಪಾತ್ರ ತೆರೆಗೆ ಬಂದ ಕೂಡಲೇ ಅವನು ಟೀ ಲೋಟ ನೋಡುತ್ತಿದ್ದ. ಅದನ್ನು ಕಂಡುಕೊಂಡ ಮೇಲೆ ಭಾನು ಟಿವಿ ಬಿಟ್ಟು ಅವನ ಮುಖವನ್ನೇ ನೋಡತೊಡಗಿದಳು. ಕಥೆ ತಿಳಿಯುವುದಕ್ಕೆ ಅಂತ ಶುರುವಾದದ್ದು... ಆಮೇಲೆ ಕಥೆಯೇ ಮರೆತುಹೋಗುತ್ತಿತ್ತು!

ಎರಡನೇ ಸೀಸನ್ನಿನ ಸುದ್ದಿಯನ್ನು ಅವನು ಕಟ್ಟಳೆ ಮುರಿದು ಹೇಳಿಬಿಟ್ಟ.

"ಕ್ಯಾಪ್ಟನ್ ಸಾಯ್ತಾನೆ ಮೇಡಂ. ನೌಕೆ ನಡ್ಸೋನು ಯಾರ್ ಗೊತ್ತಾ? ಬೋಲ್ಟು!"

ಭಾನು ಕೂತಲ್ಲೇ ಕುಣಿದಳು. ಹಿಂದಿನ ಸಾಲಿನ ಆ ಮಕ್ಕಳು, ತಮ್ಮ ಮನೆಯ ಮಾತಾಡುವ ಕ್ಯಾಪ್ಟನ್ನನ್ನು ನೋಡುತ್ತಾರೆ! ಆಮೇಲೆ ಅವಳ ಬಾಯಿಂದ 'ಬುಡಿ' ಬಂದರೆ ನಗುವವರು ಯಾರು?

*

ಹೊಸ ಸೀಸನ್ನಿನ ಜಾಹೀರಾತು ಬಂದ ಭಾನುವಾರ ನಿಂಗರಾಜು ಬರಲಿಲ್ಲ. ಭಾನು ಮೊಬೈಲನ್ನು ಟಿವಿಗೆ ಜೋಡಿಸಿದಳು. ಕ್ಯಾಪ್ಟನ್ನಿನ ಕುರ್ಚಿ ತಿರುಗಿತು. ಅದರಲ್ಲಿ ಬೋಲ್ಟು.

"ಎಲ್ಲರೂ ಗಮನಿಸಿ. ಇಂದಿನಿಂದ ಈ ನೌಕೆಯ ಅಧಿಕಾರ ನನ್ನದು. ನನ್ನ ಆಜ್ಞೆಯನ್ನು ಮೀರುವ ಹಾಗಿಲ್ಲ."

ದನಿ ನಿಂಗರಾಜುವಿನದೇ. ಮಾತು ಅವನದಲ್ಲ!

ಅಜ್ಜಿ ಕಂಬಳಿ ಕೆಳಗಿಳಿಸಿತು. "ಇವ ಯಾರಮ್ಮಿ? ನಮ್ಮೈದುನ್ನ ಏನ್ ಮಾಡುದ್ರು?"

ಭಾನು ಸಿಕ್ಕಿದ ಬಸ್ಸು ಹತ್ತಿದಳು.

ಗುಂಡ್ಲುಪೇಟೆಯ ಮಂಡಿಗೆ ಅವತ್ತು ರಜೆ. ಮಂಡಿಯ ಮೇಲಿನ ಕೋಣೆಯಲ್ಲಿ ನಿಂಗರಾಜುವಿನ ವಾಸ. ಲಾರಿ ಹಾರನ್ನಿನ ಕಾಟವಿಲ್ಲದ ರಜಾ ದಿನಗಳಲ್ಲೇ ಅಲ್ಲಿ ಅವನ ರೆಕಾರ್ಡಿಂಗು. ಗೋಡೆಗೆಲ್ಲ ರಗ್ಗು ನೇತುಹಾಕಿ, ಮೈಕು, ಕಂಪ್ಯೂಟರು ಮುಂದಿಟ್ಟುಕೊಂಡು ಕೂತಿದ್ದ. ಬಾಗಿಲು ದಬ್ಬಿದ ಭಾನುವಿನ ಬಾಯಿಂದ, ಕನ್ನಡಿ ಮುಂದೆ ಕಲಿತ ಒಂದು ಅಕ್ಷರವೂ ಬರಲಿಲ್ಲ.

"ಯಾಕ್ಲಾ ಇಂಗ್ ಮಾಡ್ದೆ? ಗುಡ್ಸಗಂಟ ನಮ್ ಮಾತು ಬೇಕಿತ್ತು... ಆಳಕ್ ನಿಂತಾಗ ಬ್ಯಾಡ್ವಾ? ನಮ್ಮಜ್ಜಿ ಟಿವಿ ಮುಂದ ಕೂತ್ಕಂಡು ನಮ್ಮೈದ ಎಲ್ಲಿ ಅಂತ ಕೇಳ್ತದ! ನಾ ಏನ್ ಏಳ್ಳಿ? ನಿಮ್ಮೈದುನ್ನ ಅವನೇ ಕೊಂದಾಕ್ದ ಅಂತ ಏಳ್ಳಾ?"

ಅವನು ತಲೆ ಎತ್ತಲಿಲ್ಲ. "ಕ್ಯಾಪ್ಟನ್ ಅಂದ್ಮೇಲೆ ಗಾಂಭೀರ್ಯ ಬೇಕು, ಆ ಮಾತು ಕೂಡದು ಅಂದ್ರು. ಮಾಡ್ದಿದ್ರೆ ಬೇರೆ ದನಿ ತತ್ತಿವಿ ಅಂದ್ರು... ಎದುರ್ಕಂಡೆ ಭಾನು."

ಮೊದಲ ಸಲ 'ಮೇಡಂ' ಇಲ್ಲದೆ ಕರೆದಿದ್ದ. ಅವಳ ಸಿಟ್ಟು ಒಂದು ಗಳಿಗೆ ಕಾಲು ಜಾರಿತು. ಆದರೂ ಬಿಟ್ಟುಕೊಡಲಿಲ್ಲ.

"ನಿಮ್ಮವ್ವ ಈ ಜಾಹೀರಾತು ನೋಡುದ್ಲಾ?"

"ನೋಡುದ್ಲು." ಅವನು ಕತ್ತಿನ ಹೆಡ್‌ಫೋನು ತೆಗೆದಿಟ್ಟ. "ಚೆಂದಾಗ್ ಮಾತಾಡ್ತಾನೆ ಕಣ ಇವ, ದೊಡ್ ಮನ್ಸ ಇರ್ಬೇಕು ಅಂದ್ಲು. ನಾನು ಅಂತ ಗೊತ್ತೇ ಆಗ್ಲಿಲ್ಲ ಅವಳ್ಗೆ."

ಭಾನು ಬಾಯಿಗೆ ಸೆರಗು ಒತ್ತಿಕೊಂಡಳು. ಹೆತ್ತವಳಿಗೇ ಗುರುತು ಸಿಗದ ಹಾಗೆ ಮಾತಾಡಿಸಿದ್ದರು ಅವನನ್ನು!

ಅಷ್ಟರಲ್ಲಿ ಕಂಪ್ಯೂಟರಿನಿಂದ ಬೆಂಗಳೂರಿನ ದನಿ ಬಂತು. ಡಬ್ಬಿಂಗ್ ನೋಡಿಕೊಳ್ಳುವ ಸೋಮಶೇಖರ್. "ನಿಂಗರಾಜು, ರೆಡಿನಾ? ಮೊದಲನೇ ಎಪಿಸೋಡು, ಡಾಕ್ಟರ್ ಜೊತೆಗಿನ ಸೀನ್."

ಭಾನು ಬಾಗಿಲ ಕಡೆ ತಿರುಗಿದಳು.

"ಓಗ್ಬ್ಯಾಡ," ಅವನು ಪಿಸುಗುಟ್ಟಿದ. "ಇಲ್ಲೇ ಕೂತ್ಕ."

ಅವಳು ಮಡಚಿಟ್ಟ ರಗ್ಗಿನ ಮೇಲೆ ಕೂತಳು. ತೆರೆಯ ಮೇಲೆ ನೌಕೆ ಒಡೆಯುತ್ತಿತ್ತು. ಗಾಯಗೊಂಡ ಡಾಕ್ಟರಮ್ಮ, ನೀನಾದರೂ ಹೋಗು ಎನ್ನುತ್ತಿದ್ದಳು. ಹಾಳೆಯಲ್ಲಿ ಬೋಲ್ಟಿನ ಉತ್ತರ ಅಚ್ಚಾಗಿತ್ತು. 'ನಾನು ನಿನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಬದುಕಿದರೆ ಇಬ್ಬರೂ ಬದುಕೋಣ.'

ನಿಂಗರಾಜು ಹಾಳೆಯನ್ನು ನೋಡಲಿಲ್ಲ, ತೆರೆಯನ್ನೂ ನೋಡಲಿಲ್ಲ. ಭಾನುವನ್ನು ನೋಡಿದ.

"ನಿನ್ನ ಬುಟ್ಟು ನಾ ಎಲ್ಲಿಗೂ ಓಗಕಿಲ್ಲ ಕಣಮ್ಮಿ. ಬದುಕುದ್ರೆ ಇಬ್ರೂ ಬದುಕನ."

ಭಾನುವಿನ ಕಣ್ಣು ತುಂಬಿ ಬಂತು. ಮೈಕು ಇರುವುದು ನೆನಪಿದ್ದೂ ಹೇಳಿದಳು.

"ನಾನೂ ಓಗಕಿಲ್ಲ."

"ಹಿಂದೆ ಯಾರ್ರೀ ಅದು?" ಸೋಮಶೇಖರ್ ರೇಗಿದ. "ನಿಂಗರಾಜು, ಏನಿದು? ಅವನು ಈಗ ಕ್ಯಾಪ್ಟನ್, ಕಸದವನಲ್ಲ! ಇನ್ನೊಂದು ಸಲ. ಹಾಳೆಯಲ್ಲಿ ಇದ್ದ ಹಾಗೆ, ಶುದ್ಧವಾಗಿ ಹೇಳಿ."

"ಸುದ್ದವಾಗೇ ಏಳಿವ್ನಿ ಸಾರ್."

"ತಮಾಷೆ ಬೇಡ. ನೀವಿಲ್ಲ ಅಂದ್ರೆ ಇನ್ನೊಬ್ಬರು ಸಿಗ್ತಾರೆ."

ಭಾನು ಎದ್ದು ಬಂದು ಅವನ ಕೈ ಹಿಡಿದುಕೊಂಡಳು.

"ಎದುರ್ಕಂಡ್ಯಾ?" ಕಿವಿಯ ಹತ್ತಿರ ಕೇಳಿದಳು.

"ಊ ಕಣಮ್ಮಿ. ಬಾಳ."

"ನಂಗೂ ಎದ್ರಿಕೆನೇ. ಇಡ್ಕ, ಬುಡ್ಬ್ಯಾಡ."

"ಕೊನೇ ಸಲ ಕೇಳ್ತಿದೀನಿ ನಿಂಗರಾಜು. ಸರಿಯಾಗಿ ಹೇಳ್ತೀರೋ, ಇಲ್ವೋ?"

ನಿಂಗರಾಜು ಮೈಕಿಗೆ ಬಾಗಿದ.

"ಇಲ್ಲ ಸಾರ್. ಏಳಕಿಲ್ಲ."